ತಲೆ, ಸೊಂಟ, ತಳ

"ತಲೆ?"

"ಇಪ್ಪತ್ತು ಚಿಲ್ಲರೆ."

"ಸೊಂಟ?"

"ಇಪ್ಪತ್ತು ಚಿಲ್ಲರೆ."

"ತಳ?"

"ಅದೂ ಇಪ್ಪತ್ತು ಚಿಲ್ಲರೆ, ಭಾವ. ಇಳೀಬಹುದು."

ಇಷ್ಟೇ ನನ್ನ ಕೆಲಸ. ಅಂಕಿ ನೋಡುವುದು, ವಾಕಿಟಾಕಿಯಲ್ಲಿ ಹೇಳುವುದು. ಎಣ್ಣೆ ಗೋದಾಮಿನ ಅಂಗಳದ ಮೂಲೆಯಲ್ಲಿ ಒಂದು ತಗಡಿನ ಕ್ಯಾಬಿನ್. ಒಳಗೆ ಮೇಜು, ಲ್ಯಾಪ್‌ಟಾಪ್, ನಾನು. ಕಿಟಕಿಯಾಚೆ ಎರಡಂತಸ್ತಿನ ಮನೆಯಷ್ಟು ಎತ್ತರದ ಉಕ್ಕಿನ ಟ್ಯಾಂಕುಗಳು. ಅವುಗಳಲ್ಲಿ ಅಡುಗೆ ಎಣ್ಣೆ ತುಂಬಿಡುತ್ತಾರೆ. ಒಂದು ಬಗೆಯ ಎಣ್ಣೆ ಖಾಲಿಯಾಗಿ ಇನ್ನೊಂದು ಬಗೆಯದು ಬರುವ ಮುಂಚೆ ಯಾರಾದರೂ ಒಳಗಿಳಿದು ತಳದ ಗಸಿಯನ್ನು ಕೆರೆದು ತೊಳೆಯಬೇಕು. ಹಾಗೆ ಇಳಿಯುತ್ತಿದ್ದವರು ನನ್ನ ಅಕ್ಕನ ಗಂಡ. ಟ್ಯಾಂಕಿನ ನೆತ್ತಿಯ ಮೇಲೆ, ಒಬ್ಬ ಮನುಷ್ಯ ತೂರುವಷ್ಟೇ ಅಗಲದ ಬಾಯಿಯ ಪಕ್ಕ ನಿಂತು, ಭಾವನ ಎದೆಪಟ್ಟಿಗೆ ಕಟ್ಟಿದ ಹಗ್ಗ ಹಿಡಿಯುತ್ತಿದ್ದವರನ್ನು ಎಲ್ಲರೂ ಹಗ್ಗದಜ್ಜ ಅನ್ನುತ್ತಿದ್ದರು.

ಎಣ್ಣೆಯೇನೋ ತಿನ್ನುವ ಎಣ್ಣೆಯೇ. ಆದರೆ ಮುಚ್ಚಿದ ಟ್ಯಾಂಕಿನ ತಳದಲ್ಲಿ ನೀರು ಬೆರೆತ ಗಸಿ ಹುಳಿಯುತ್ತ ಕೂತರೆ ಅದು ಅಲ್ಲಿಯ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಹುಳಿ ವಾಸನೆ ಯಾವಾಗಲೂ ಇದ್ದದ್ದೇ, ಅದರಿಂದ ಏನೂ ತಿಳಿಯುವುದಿಲ್ಲ. ಇಳಿದವನ ಮಂಡಿ ಸೋಲುತ್ತದೆ, ಅಷ್ಟೇ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದರ ಹತ್ತಿರ ಇರುತ್ತದೆ. ಇಪ್ಪತ್ತು ಚಿಲ್ಲರೆ ಇದ್ದರೆ ಇಳಿಯಬಹುದು. ಹತ್ತೊಂಬತ್ತಕ್ಕೆ ಬಂತೆಂದರೆ ಮೊದಲು ಫ್ಯಾನ್ ಹಾಕಿ ಒಳಗಿನ ಗಾಳಿಯನ್ನೆಲ್ಲ ಬದಲಿಸಬೇಕು.

ಗೋದಾಮಿಗೆ ಒಂದು ಮೀಟರ್ ಇತ್ತು. ಅದು ಕೆಟ್ಟು ರಿಪೇರಿಗೆ ಹೋದದ್ದು ವಾಪಸು ಬರಲಿಲ್ಲ. ಕೇಳಿದರೆ ಮೇಸ್ತ್ರಿ "ಬರುತ್ತೆ, ಬರುತ್ತೆ" ಅನ್ನುತ್ತಿದ್ದರು. ಈ ಮೇಸ್ತ್ರಿಗೆ ಪ್ರಪಂಚದ ಎಲ್ಲ ಕೆಲಸವೂ ಅರ್ಜೆಂಟು, ಮೀಟರ್ ತರಿಸುವುದೊಂದನ್ನು ಬಿಟ್ಟು. ಹಾಗಾಗಿ ಅವರ ಹೆಸರೇ ಅರ್ಜೆಂಟ್ ಮೇಸ್ತ್ರಿ.

ಕೊನೆಗೆ ಭಾವನೇ ಒಂದು ಮೀಟರ್ ಮಾಡಲು ಕೂತರು, ನಮ್ಮ ಮನೆಯ ಊಟದ ಮೇಜಿನ ಮೇಲೆ.

"ಇಲ್ಲೇ ಸಂಸಾರ ಹೂಡ್ತೀರೋ ಹೇಗೆ?" ಅಂದಳು ಅಕ್ಕ. "ತಟ್ಟೆ ಎಲ್ಲಿಡ್ಲಿ, ತಲೆ ಮೇಲಾ?"

"ಸ್ವಲ್ಪ ತಡ್ಕೊಳ್ಳೇ. ಅಟ್ಟ ಕಟ್ತಿದ್ದೀನಿ."

"ಮನೆಗೇ ಒಂದು ಅಟ್ಟ ಇಲ್ಲ. ಇದಕ್ಕೆ ಕಟ್ತಾರಂತೆ."

ಭಾವ ಅಟ್ಟ ಅಂದದ್ದು ಶೀಲ್ಡ್ ಬೋರ್ಡನ್ನು. ಕೆಳಗಿರುವುದು ಅಂಗೈಯಷ್ಟಗಲದ ಮೈಕ್ರೊಕಂಟ್ರೋಲರ್ ಬೋರ್ಡು, ಪುಟ್ಟ ಕಂಪ್ಯೂಟರಿನಂಥದ್ದು, ಹವ್ಯಾಸಕ್ಕೆಂದು ಜನ ಕೊಳ್ಳುವಂಥದ್ದು. ಅದರ ಸಣ್ಣ ತೂತುಗಳಿಗೆ ಸೆನ್ಸರಿನ ತಂತಿಗಳನ್ನು ನೇರವಾಗಿ ಸಿಕ್ಕಿಸಿದರೆ ಸೆರಗು ತಾಕಿದರೂ ಕಿತ್ತುಬರುತ್ತವೆ. ಅದಕ್ಕೇ ಅದರ ಬೆನ್ನ ಮೇಲೆ ಇನ್ನೊಂದು ಬೋರ್ಡನ್ನು ಕೂರಿಸುತ್ತಾರೆ. ಅದರಲ್ಲಿ ಸಾಲಾಗಿ ಬಿಳಿ ಸಾಕೆಟ್ಟುಗಳು. ಸೆನ್ಸರಿನ ಪ್ಲಗ್ ತಂದು ಟಕ್ಕೆಂದು ಕೂರಿಸಿದರೆ ಮುಗಿಯಿತು, ಬೆಸುಗೆ ಬೇಕಿಲ್ಲ. ಕೆಳಗೆ ಮನೆ, ಮೇಲೆ ಅಟ್ಟ.

ನನ್ನ ಡಿಗ್ರಿ ಮುಗಿದು ಕೆಲಸ ಸಿಗದೆ ಅಕ್ಕನ ಮನೆಯಲ್ಲಿ ಕೂತಿದ್ದ ಕಾಲ ಅದು. ಸಂದರ್ಶನಕ್ಕೆ ಹೋದರೆ ಎದುರಿಗೆ ಕೂತವರು "ಸ್ವಲ್ಪ ಜೋರಾಗಿ ಮಾತಾಡಮ್ಮ" ಅನ್ನುತ್ತಿದ್ದರು. ನಾನು ಇನ್ನಷ್ಟು ಮೆಲ್ಲಗೆ ಮಾತಾಡುತ್ತಿದ್ದೆ. ಭಾವ ನನಗೆ ಪಿಸುಮಾತು ಎಂದು ಹೆಸರಿಟ್ಟಿದ್ದರು. ಪ್ರೋಗ್ರಾಮ್ ನಾನು ಬರೆದೆ. ಉದ್ದದ ಕೇಬಲ್ಲುಗಳನ್ನು ಅಳೆದು, ತುದಿಗೆ ಲೋಹದ ಪುಟ್ಟ ಹಲ್ಲುಗಳನ್ನು ಅದುಮಿ, ಆ ಹಲ್ಲುಗಳನ್ನು ಬಿಳಿ ಪ್ಲಾಸ್ಟಿಕ್ ಪ್ಲಗ್ಗಿನೊಳಗೆ ತಳ್ಳಿ ಕೂರಿಸಿದ್ದು ಅವರು. ಆಮ್ಲಜನಕದ ಸೆನ್ಸರುಗಳು ಮೂರು. ಮೂರನ್ನೂ ಒಂದೇ ಹಗ್ಗಕ್ಕೆ ಬಿಗಿದು ಟ್ಯಾಂಕಿನೊಳಗೆ ಇಳಿಬಿಟ್ಟರೆ ಒಂದು ಬಾಯಿಯ ಹತ್ತಿರ, ಒಂದು ನಡುವೆ, ಒಂದು ನೆಲ ಮುಟ್ಟುವಂತೆ ತೂಗುತ್ತಿತ್ತು. ತಲೆ, ಸೊಂಟ, ತಳ ಎಂದು ಹೆಸರಿಟ್ಟದ್ದೂ ಅವರೇ. ಅಂಕಿ ನೋಡಲು ನನ್ನನ್ನು ಗೋದಾಮಿಗೆ ಸೇರಿಸಿದ್ದೂ ಅವರೇ.

"ಎಣ್ಣೆ ಡಬ್ಬಕ್ಕೂ ಮೈಕೈ ಬಂತಲ್ಲಪ್ಪ," ಅಂದಿದ್ದರು ಹಗ್ಗದಜ್ಜ.

ದಿನಾ ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಭಾವ ಕ್ಯಾಬಿನ್ನಿಗೆ ಬಂದು ಮೂರು ಸೆನ್ಸರುಗಳ ಮೇಲೂ ಒಂದೊಂದು ಸಲ ಊದುತ್ತಿದ್ದರು. ಬಾಯಿಂದ ಬಿಟ್ಟ ಉಸಿರಿನಲ್ಲಿ ಆಮ್ಲಜನಕ ಕಡಿಮೆ, ಅದಕ್ಕೆ ಅಂಕಿ ಸರ್ರನೆ ಇಳಿದು ಮತ್ತೆ ಮೇಲೇರುತ್ತಿತ್ತು. ಇಳಿದರೆ ಸೆನ್ಸರ್ ಎಚ್ಚರವಾಗಿದೆ ಎಂದು ಅರ್ಥ.

ಒಮ್ಮೆ ತಳದ ಅಂಕಿ ಹದಿನಾರು ತೋರಿಸಿತು. ಮೇಸ್ತ್ರಿ ನಂಬಲಿಲ್ಲ. "ಆಟದ ಸಾಮಾನು ಅದು, ಏನೋ ಒದರುತ್ತೆ" ಅಂದರು. ಭಾವ ಹಟ ಹಿಡಿದು ಪಕ್ಕದ ಗೋದಾಮಿನಿಂದ ಅವರ ಮೀಟರನ್ನು ಎರವಲು ತಂದು ಇಳಿಬಿಟ್ಟರು. ಅದೂ ಹದಿನಾರೇ ಅಂದಿತು. ಅವತ್ತು ಮೇಸ್ತ್ರಿ ಮಾತಾಡದೆ ನಿಂತದ್ದನ್ನು ಭಾವ ಮನೆಗೆ ಬಂದು ಅಕ್ಕನ ಎದುರು ಅಭಿನಯಿಸಿ ತೋರಿಸಿದರು, ಬಾಯಿ ತೆರೆದುಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು. ಅಕ್ಕ ನಕ್ಕು ನಕ್ಕು ಕೆಮ್ಮಿದಳು.

ಅವತ್ತಿನಿಂದ ಮೇಸ್ತ್ರಿಗೆ ಅಂಕಿಯ ಮೇಲೆ ಭಕ್ತಿ ಬಂತು. ಅದೇ ಕೆಟ್ಟದ್ದಾಯಿತು. ಮೀಟರ್ ಇಲ್ಲದ ದಿನಗಳಲ್ಲಿ ಯಾವ ಟ್ಯಾಂಕಾದರೂ ಸರಿ, ಇಳಿಯುವ ಮುಂಚೆ ಫ್ಯಾನ್ ಇಟ್ಟು ಗಾಳಿ ಬಿಡುತ್ತಿದ್ದರು. ಅರ್ಧ ದಿನ ಹೋದರೂ ಹೋಗಲಿ ಎಂದು ಕಾಯುತ್ತಿದ್ದರು. ಈಗ ಅಂಕಿ ಸರಿಯಿದ್ದರೆ ಫ್ಯಾನ್ ಯಾಕೆ ಎಂಬ ಮಾತು ಬಂತು. ಫ್ಯಾನಿನ ಕೊಳವೆಯನ್ನು ಟ್ಯಾಂಕಿನ ನೆತ್ತಿಗೆ ಹತ್ತಿಸುವುದು ಬೆನ್ನು ಮುರಿಯುವ ಕೆಲಸ. ಅಜ್ಜನಿಗೂ ಬೇಡವಾಗಿತ್ತು. ನಿಜ ಹೇಳಬೇಕೆಂದರೆ ಭಾವನಿಗೂ. ತಾವು ಕಟ್ಟಿದ ಅಟ್ಟದ ಮೇಲೆ ಅವರಿಗೂ ಹೆಮ್ಮೆಯಿತ್ತು.

*

ರಜೆಗಳೆಲ್ಲ ಒಟ್ಟಿಗೆ ಬಂದು ಅಂಗಳ ಮುಚ್ಚಿತ್ತು. ಮತ್ತೆ ತೆರೆದ ಬೆಳಗ್ಗೆ ಮೇಸ್ತ್ರಿ ಗೇಟಿನಲ್ಲೇ ನಿಂತಿದ್ದರು.

"ಕೊನೇ ಟ್ಯಾಂಕ್ ಮೊದಲು. ಮಧ್ಯಾಹ್ನಕ್ಕೆ ಎಣ್ಣೆ ಬರುತ್ತೆ. ಅರ್ಜೆಂಟು."

"ನಿಮ್ಮ ಮದುವೆ ದಿನಾನೂ ಹೀಗೇ ಅಂದಿದ್ರಾ ಮೇಸ್ತ್ರಿ?" ಅಂದರು ಭಾವ. ಅಜ್ಜ ಕಿಸಕ್ಕೆಂದರು.

ಫ್ಯಾನ್ ಆಚೆ ತುದಿಯ ಇನ್ನೊಂದು ಟ್ಯಾಂಕಿನ ಮೇಲಿತ್ತು. ಭಾವ ಕ್ಯಾಬಿನ್ನಿಗೆ ಬಂದು ಮೂರು ಸೆನ್ಸರುಗಳ ಮೇಲೂ ಊದಿದರು. ಮೂರೂ ಅಂಕಿಗಳು ಒಂದೊಂದಾಗಿ ಇಳಿದು ಏರಿದವು. "ಎಲ್ಲರೂ ಎದ್ದಿದ್ದಾರೆ," ಎಂದು ಹಗ್ಗವನ್ನು ಸುರುಳಿ ಮಾಡಿ ಹೆಗಲಿಗೆ ಹಾಕಿಕೊಂಡು ಹೋದರು. ಕೇಬಲ್ಲುಗಳು ನನ್ನ ಮೇಜಿನ ಮೇಲಿದ್ದ ಬೋರ್ಡಿನಿಂದ ಹೊರಟು ಕಿಟಕಿಯ ಮೂಲಕ ಅವರ ಹಿಂದೆಯೇ ಬಿಚ್ಚಿಕೊಳ್ಳುತ್ತ ಹೋದವು.

ಮೇಲೆ ಅಜ್ಜ ಸೆನ್ಸರುಗಳ ಹಗ್ಗವನ್ನು ಇಳಿಬಿಡುವಾಗ ಅದು ಒಳಗಿನ ಏಣಿಯ ಮೆಟ್ಟಿಲಿಗೆ ಸಿಕ್ಕಿಕೊಂಡಿತು. ಅವರು ಜಗ್ಗಿದ್ದು ಕ್ಯಾಬಿನ್ನಿಗೂ ಬಂತು. ಕಿಟಕಿಯ ಅಂಚಿಗೆ ಉಜ್ಜಿಕೊಂಡು ಕೇಬಲ್ ಬಿಗಿಯಾಯಿತು, ಬೋರ್ಡು ಮೇಜಿನ ಮೇಲೆ ಒಂದು ಗೇಣು ಜಾರಿತು. ನಾನು ಅದನ್ನು ಹಿಡಿದು ಸ್ವಸ್ಥಾನಕ್ಕೆ ತಂದೆ. ಬಿಳಿ ಪ್ಲಗ್ಗುಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಮೂರೂ ಗಟ್ಟಿಯಾಗಿ ಕೂತಿದ್ದವು.

ತಲೆ ಇಪ್ಪತ್ತು ಚಿಲ್ಲರೆ, ಸೊಂಟ ಇಪ್ಪತ್ತು ಚಿಲ್ಲರೆ, ತಳ ಇಪ್ಪತ್ತು ಚಿಲ್ಲರೆ. ಹೇಳಿದೆ. ಭಾವ ಒಳಗೆ ಕಾಲಿಟ್ಟದ್ದು ಕಿಟಕಿಯಿಂದ ಕಾಣುತ್ತಿತ್ತು. ಮೊದಲು ಬೂಟು, ಆಮೇಲೆ ಎದೆ, ಆಮೇಲೆ ಹಳದಿ ಟೋಪಿ.

ಅವರು ಇಳಿಯುವಾಗ ನಾನು ತೆರೆಯನ್ನೇ ನೋಡುತ್ತಿರುತ್ತೇನೆ. ಬೇರೇನು ಮಾಡಲಿ? ಮೂರು ಗೆರೆಗಳು ಎಡದಿಂದ ಬಲಕ್ಕೆ ಹರಿಯುತ್ತವೆ. ಏಣಿ ಇಳಿಯುವವನು ಸೆನ್ಸರಿನ ಪಕ್ಕ ಹಾದುಹೋಗುವಾಗ ಅವನ ಉಸಿರು ತಾಗಿ ಗೆರೆ ಒಂದು ಚೂರು ತಗ್ಗುತ್ತದೆ. ತಲೆಯ ಗೆರೆ ತಗ್ಗಿತು. ಸ್ವಲ್ಪ ಹೊತ್ತಿಗೆ ಸೊಂಟದ ಗೆರೆ ತಗ್ಗಿತು, ಭಾವ ನಡುವಿಗೆ ಬಂದರು ಅಂದುಕೊಂಡೆ. ಅದೇ ಗಳಿಗೆಗೆ ತಳದ ಗೆರೆಯೂ ತಗ್ಗಿತು. ಅಷ್ಟೇ ಆಳಕ್ಕೆ, ಅದೇ ಆಕಾರದಲ್ಲಿ. ಸೊಂಟದ್ದು ಏರಿದಾಗ ಅದೂ ಏರಿತು.

ಭಾವ ಇನ್ನೂ ತಳಕ್ಕೆ ಹೋಗಿಲ್ಲವಲ್ಲ ಎಂದು ಅನ್ನಿಸಿತು. ಆ ಯೋಚನೆ ಬಹಳ ನಿಧಾನವಾಗಿ ಬಂದಂತೆ ನೆನಪಿದೆ. ಕೈ ಮಾತ್ರ ಕಾಯಲಿಲ್ಲ. ಮೂರನೆಯ ಸಾಕೆಟ್ಟಿನಿಂದ ತಳದ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದೆ.

ತೆರೆಯ ಮೇಲೆ ತಳ: ಇಪ್ಪತ್ತು ಚಿಲ್ಲರೆ.

ಪ್ಲಗ್ ನನ್ನ ಕೈಯಲ್ಲಿತ್ತು. ಅಂಕಿ ಅಲ್ಲೇ ಇತ್ತು.

ಬೋರ್ಡಿನ ಮೇಲಿನ ಚಿಪ್‌ನೊಳಗೆ ಅಳೆಯುವ ಸಾಧನ ಇರುವುದು ಒಂದೇ. ಅದು ಸರದಿಯಂತೆ ಒಂದೊಂದು ಸಾಕೆಟ್ಟಿಗೂ ಹೋಗಿ ಬರುತ್ತದೆ. ಒಂದೇ ಚಮಚದಲ್ಲಿ ಮೂರು ಪಾತ್ರೆಗಳ ರುಚಿ ನೋಡಿದ ಹಾಗೆ. ಮೂರನೆಯ ಪಾತ್ರೆ ಖಾಲಿಯಿದ್ದರೆ ಚಮಚಕ್ಕೆ ಅಂಟಿರುವ ಎರಡನೆಯದರ ರುಚಿಯೇ ನಾಲಿಗೆಗೆ ಸಿಗುತ್ತದೆ. ಅದು 'ಖಾಲಿ' ಅನ್ನುವುದಿಲ್ಲ. ಇದನ್ನು ನಾನು ಎಲ್ಲೋ ಓದಿದ್ದೆ ಕೂಡ. ಆದರೆ ಪ್ಲಗ್ ಕಣ್ಣಮುಂದೆ ಗಟ್ಟಿಯಾಗಿ ಕೂತಿರುವಾಗ ಸಾಕೆಟ್ಟು ಖಾಲಿ ಎಂದು ಯಾರಿಗೆ ಹೊಳೆದೀತು? ಅಜ್ಜ ಜಗ್ಗಿದಾಗ ಪ್ಲಾಸ್ಟಿಕ್ ಅಲುಗಿರಲಿಲ್ಲ. ಅದರೊಳಗಿನ ಲೋಹದ ಹಲ್ಲು ಮಾತ್ರ ಹಿಂದಕ್ಕೆ ಸರಿದುಬಿಟ್ಟಿತ್ತು.

ವಾಕಿಟಾಕಿ ಒತ್ತಿ "ಅಜ್ಜ, ಮೇಲಕ್ಕೆ ಕರೀರಿ" ಅಂದೆ. ಇನ್ನೊಂದು ವಾಕಿಟಾಕಿಯನ್ನು ಭಾವ ಇಳಿಯುವ ಮುಂಚೆ ಅಜ್ಜನಿಗೆ ಕೊಟ್ಟಿದ್ದರು, ಅದು ಅವರ ಸೊಂಟಪಟ್ಟಿಯಲ್ಲಿತ್ತು. ಅವರ ಎರಡೂ ಕೈ ಹಗ್ಗದ ಮೇಲಿದ್ದವು, ಪಕ್ಕದಲ್ಲಿ ನೀರಿನ ಪಂಪು ಕೂಗುತ್ತಿತ್ತು. ಮತ್ತೆ ಅಂದೆ. ಅವರು ಈ ಕಡೆ ತಿರುಗಲಿಲ್ಲ. ಓಡಿದೆ.

ಟ್ಯಾಂಕಿನ ಹೊರಮೈಗೆ ಸುತ್ತಿಕೊಂಡ ಮೆಟ್ಟಿಲುಗಳನ್ನು ನಾನು ಅದಕ್ಕೆ ಮುಂಚೆ ಹತ್ತಿರಲಿಲ್ಲ. ಎತ್ತರವೆಂದರೆ ನನಗೆ ಆಗದು. ಹತ್ತುತ್ತ ಕೂಗಿದೆ. ಅದು ನನ್ನ ದನಿ ಎಂದು ನನಗೇ ಗುರುತು ಸಿಗಲಿಲ್ಲ. "ಅಜ್ಜ, ಎಳೀರಿ! ಭಾವನ್ನ ಎಳೀರಿ!"

ಅಜ್ಜ ತಿರುಗಿದರು. "ಏನಾಯ್ತು ಮಗಾ?"

"ತಳದಲ್ಲಿ ಗಾಳಿ ಇಲ್ಲ!"

ಅವರು ಎರಡೂ ಕೈಯಿಂದ ಹಗ್ಗ ಎಳೆದರು. ಹಗ್ಗ ಹಗುರವಾಗಿ, ಓಡೋಡಿ ಮೇಲೆ ಬಂತು. ತುದಿಯ ಕೊಂಡಿ ಬಾಯಿಯ ಅಂಚಿಗೆ ಬಡಿದು ಟಣ್ಣೆಂದಿತು. ಅದರಲ್ಲಿ ಏನೂ ಇರಲಿಲ್ಲ.

ತಳ ಮುಟ್ಟಿದ ಮೇಲೆ ಭಾವ ಕೊಂಡಿ ಬಿಚ್ಚಿಬಿಡುತ್ತಿದ್ದರು. ಅವರೊಬ್ಬರೇ ಅಲ್ಲ, ಇಳಿಯುವವರೆಲ್ಲ ಹಾಗೆಯೇ. ಹಗ್ಗ ಗಸಿಯಲ್ಲಿ ಹೊರಳಿ ಕಾಲಿಗೆ ಸುತ್ತಿಕೊಂಡು ಬೀಳಿಸುತ್ತದೆ ಎನ್ನುತ್ತಿದ್ದರು. ಅಜ್ಜ ಪ್ರತಿ ಸಲವೂ ಬೈಯುತ್ತಿದ್ದರು, "ಹಗ್ಗ ಏನು ಕತ್ತಿನ ಸರವೇನೋ, ಬೇಕಾದಾಗ ಹಾಕ್ಕೊಂಡು ಬೇಡವಾದಾಗ ಬಿಚ್ಚಿಡೋಕೆ?" ಬೈದು ಸುಮ್ಮನಾಗುತ್ತಿದ್ದರು.

ನಾವಿಬ್ಬರೂ ಬಾಯಿಗೆ ತಲೆ ಹಾಕಿದೆವು. ಕೆಳಗೆ ಟಾರ್ಚಿನ ಬೆಳಕು ಅಡ್ಡಡ್ಡ ಬಿದ್ದಿತ್ತು. ಹಳದಿ ಟೋಪಿ ಏಣಿಯ ಬುಡದಲ್ಲಿ ಉರುಳಿತ್ತು. ಭಾವ ಮಗ್ಗುಲಾಗಿ ಮಲಗಿದ್ದರು, ಒಂದು ಕೈ ಏಣಿಯ ಕೊನೆಯ ಮೆಟ್ಟಿಲ ಮೇಲೆ. ಮತ್ತೆ ಏರಲು ಹೋಗಿದ್ದರು.

ಉಸಿರು ಕೇಳುತ್ತಿತ್ತು. ಗೊರಕೆಯಂಥದ್ದು, ಆ ಉಕ್ಕಿನ ಗೋಡೆಗಳಿಗೆ ಬಡಿದು ದೊಡ್ಡದಾಗಿ ಮೇಲೆ ಬರುತ್ತಿತ್ತು.

"ಜೀವ ಇದೆ!" ಎಂದು ಅಜ್ಜ ಬೂಟಿನ ಕಾಲನ್ನು ಬಾಯಿಯೊಳಗೆ ಹಾಕಿಯೇಬಿಟ್ಟರು.

ನಾನು ಅವರ ಇನ್ನೊಂದು ಕಾಲನ್ನು ತಬ್ಬಿಕೊಂಡೆ.

"ಬಿಡು ಮಗಾ."

"ಇಳೀಬೇಡಿ ಅಜ್ಜ. ಅಲ್ಲಿ ಗಾಳಿ ಇಲ್ಲ. ನೀವೂ ಬೀಳ್ತೀರಿ."

"ಉಸಿರು ಹಿಡ್ಕೊಂಡು ಹೋಗಿ ಬರ್ತೀನಿ. ಬಿಡೇ!"

"ಅವರನ್ನ ಎತ್ಕೊಂಡು ಏಣಿ ಹತ್ತೋಕೆ ಉಸಿರು ಸಾಲಲ್ಲ. ಬೇಡ."

ಅವರು ಕಾಲು ಒದರಿದರು. ಬೂಟಿನ ಹಿಮ್ಮಡಿ ನನ್ನ ದವಡೆಗೆ ತಗುಲಿತು. ನಾನು ಬಿಡಲಿಲ್ಲ. ಅವರನ್ನು ಹಿಂದಕ್ಕೆಳೆದು, ಅವರು ಸಾವರಿಸಿಕೊಳ್ಳುವಷ್ಟರಲ್ಲಿ ಬಾಯಿಗೆ ಅಡ್ಡವಾಗಿ ಮಲಗಿಬಿಟ್ಟೆ. ನನ್ನ ಹೊಟ್ಟೆಯ ಕೆಳಗಿನಿಂದ ಆ ಉಸಿರು ಬರುತ್ತಿತ್ತು.

ಮೇಸ್ತ್ರಿ ಏದುಸಿರು ಬಿಡುತ್ತ ಮೇಲೆ ಬಂದರು. "ಇಳೀರೋ ಯಾರಾದ್ರೂ! ನಿಂತ್ಕೊಂಡು ಏನ್ ನೋಡ್ತೀರಾ?"

"ಯಾರೂ ಇಳೀಬಾರದು," ಅಂದೆ. "ಫೈರ್‌ನೋರಿಗೆ ಫೋನ್ ಮಾಡಿ. ಮಾಸ್ಕ್ ಇರೋ ಗಾಳಿ ಸಿಲಿಂಡರ್ ಬೇಕು ಅಂತ ಹೇಳಿ. ಫ್ಯಾನ್ ತರಿಸಿ. ಅದು ಬರೋತನಕ ಕಂಪ್ರೆಸರ್ ಪೈಪ್ ಒಳಗೆ ಬಿಡಿ."

"ಅವನು ನಿನ್ನ ಭಾವ ಕಣಮ್ಮಾ!"

"ಗೊತ್ತು."

"ಅಡ್ಡ ಮಲಗಿದ್ದೀಯಲ್ಲೇ, ಹೆಣ್ಣೋ ಕಲ್ಲೋ ನೀನು?"

ಅವರು ಬೈಯುತ್ತಲೇ ಫೋನ್ ತೆಗೆದರು. ಯಾರೋ ಕಂಪ್ರೆಸರಿನ ಪೈಪು ತಂದರು. ಅದು ತೂರುವಷ್ಟು ಪಕ್ಕಕ್ಕೆ ಸರಿದೆ. ಪೈಪಿನ ತುದಿ ಭಾವನ ಮುಖದ ಹತ್ತಿರ ಹೋಗಲಿ ಎಂದು ಅಜ್ಜ ಅತ್ತಿಂದಿತ್ತ ತೂಗಿಸಿದರು. ಅದು ಗಾಳಿಯ ರಭಸಕ್ಕೆ ಹಾವಿನಂತೆ ಹೊರಳಾಡಿ ಗಸಿಯನ್ನು ಗೋಡೆಗಳಿಗೆಲ್ಲ ಎರಚಿತು, ಅವರ ಮುಖದ ಹತ್ತಿರ ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ ಹಗ್ಗದ ಕೊಂಡಿಯನ್ನೇ ಇಳಿಬಿಟ್ಟು ಎದೆಪಟ್ಟಿಗೆ ಸಿಕ್ಕಿಸಲು ಹೋದರು. ಒಂದು ಸಲ ಸಿಕ್ಕಿತು ಅಂದುಕೊಂಡೆವು. ಎಳೆದರೆ ತೋಳು ಮಾತ್ರ ಎದ್ದು ಮತ್ತೆ ಬಿತ್ತು. ಅಜ್ಜ ಅಳುತ್ತಿದ್ದರು. "ಒಂದೇ ಸಲ ಬಿಡೇ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದು ಸಲ."

"ಇಲ್ಲ."

ಉಸಿರುಗಳ ನಡುವೆ ಅಂತರ ಹೆಚ್ಚುತ್ತ ಹೋಯಿತು. ಪ್ರತಿ ಸಲವೂ ಇದೇ ಕೊನೆಯದು ಅಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಆಮೇಲೆ ಬರಲಿಲ್ಲ. ಅಂಗಳದ ಆಚೆಯಿಂದ ಫೈರ್ ಎಂಜಿನ್ನಿನ ಗಂಟೆಯ ಸದ್ದು ಕೇಳಿಸಿದ್ದು ಅದಾದ ಮೇಲೆಯೇ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಇಬ್ಬರು ಮೆಟ್ಟಿಲು ಹತ್ತಿ ಬಂದಾಗ ಎದ್ದು ದಾರಿ ಬಿಟ್ಟೆ. ನನ್ನ ಅಂಗಿಯ ಮೇಲೆ ಟ್ಯಾಂಕಿನ ಬಾಯಿಯ ಅಂಚು ದುಂಡಗೆ ಎಣ್ಣೆಯ ಗುರುತು ಮಾಡಿತ್ತು.

ಭಾವನನ್ನು ಮೇಲೆ ತಂದರು. ಆಸ್ಪತ್ರೆಯಲ್ಲಿ ಡಾಕ್ಟರು ಬಾಗಿಲಲ್ಲೇ ತಲೆಯಾಡಿಸಿದರು.

*

ವಿಚಾರಣೆಗೆ ಬಂದ ಅಧಿಕಾರಿ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನಿಂದ ಎಲ್ಲ ಕೇಳಿ ತಿಳಿದುಕೊಂಡರು. ಹಲ್ಲು ಹಿಂದೆ ಸರಿದದ್ದು, ಖಾಲಿ ಸಾಕೆಟ್ಟು ನೆರೆಯವನ ಅಂಕಿ ಹೇಳಿದ್ದು. ಆಮೇಲೆ ಕೇಳಿದ್ದು ಮೇಸ್ತ್ರಿಯನ್ನು: "ಫ್ಯಾನ್ ಎಲ್ಲಿತ್ತು?" ಮೇಸ್ತ್ರಿ ಆಚೆ ತುದಿಯ ಟ್ಯಾಂಕಿನ ಕಡೆ ಕೈ ತೋರಿಸಿದರು.

ನನ್ನ ಬಗ್ಗೆ ಅಧಿಕಾರಿ ಒಂದೇ ಮಾತು ಹೇಳಿದರು. "ಇಂಥ ಕಡೆ ಕಾಪಾಡೋಕೆ ಅಂತ ಇಳಿದೋರೇ ಹೆಚ್ಚು ಸಾಯೋದು. ನೀವು ಮಾಡಿದ್ದು ಸರಿ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ತಲೆ ತಗ್ಗಿಸಿದೆ. ಆ ಮಾತನ್ನು ಮನೆಗೆ ಒಯ್ಯುವ ಹಾಗಿರಲಿಲ್ಲ.

ಮನೆಗೆ ಅದಕ್ಕೆ ಮುಂಚೆಯೇ ಬೇರೆ ಮಾತು ಬಂದಿತ್ತು. ಹೇಳಿದವರು ಯಾರೋ ಗೊತ್ತಿಲ್ಲ. ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು. ಅವಳು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ಭಾವನ ಅಂಗಿಗಳನ್ನೂ ಗಿರಾಕಿಗಳ ಅಂಗಿಗಳ ಹಾಗೆಯೇ ಚೌಕವಾಗಿ ಮಡಚಿ ಇಡುತ್ತಿದ್ದಳು. ಅವತ್ತು ಅವುಗಳನ್ನೆಲ್ಲ ತೆಗೆದು, ಬಿಚ್ಚಿ, ಮತ್ತೆ ಮಡಚುತ್ತಿದ್ದಳು.

"ಹಗ್ಗದಜ್ಜ ಇಳಿಯೋಕೆ ಹೊರಟಿದ್ರಂತೆ."

"ಹೂಂ."

"ನೀನು ಬಿಡ್ಲಿಲ್ವಂತೆ."

"ಹೂಂ."

ತೋಳನ್ನು ಒಳಕ್ಕೆ ಮಡಚಿ, ಕಾಲರನ್ನು ನೇರ ಮಾಡಿದಳು. "ಆಗ ಉಸಿರಾಡ್ತಿದ್ರಾ?"

ಸುಳ್ಳು ಹೇಳಬಹುದಿತ್ತು. ಆದರೆ ಹತ್ತು ಜನ ಕೇಳಿಸಿಕೊಂಡ ಉಸಿರು ಅದು.

"ಆಡ್ತಿದ್ರು."

"ನಿಂಗೆ ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು ಅಕ್ಕ."

"ಕೇಳಿಸ್ಕೊಂಡು ಮಲಗಿದ್ದೆ."

ಅದು ಪ್ರಶ್ನೆಯಾಗಿರಲಿಲ್ಲ. ಅವಳು ಮತ್ತೊಂದು ಅಂಗಿ ಎತ್ತಿಕೊಂಡಳು. ನಾನು ಬಾಗಿಲಲ್ಲಿ ನಿಂತೇ ಇದ್ದೆ, ಒಳಗೂ ಹೋಗದೆ, ಹೊರಗೂ ಹೋಗದೆ. ಆಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಕಸ ಗುಡಿಸುವಾಗ ನಾನು ಕೂತ ಜಾಗ ಬಂದರೆ ಪೊರಕೆ ಎತ್ತಿ ಆಚೆಯಿಂದ ಮುಂದುವರಿಸುತ್ತಿದ್ದಳು. ನಾನು ಕುರ್ಚಿಯೋ ಪೆಟ್ಟಿಗೆಯೋ ಆಗಿದ್ದರೆ ಸರಿಸಿ ಗುಡಿಸುತ್ತಿದ್ದಳೇನೋ.

ಬೇರೆ ಎಲ್ಲಾದರೂ ಹೋಗಿ ಇರೋಣವೆಂದು ಬಟ್ಟೆ ತುಂಬಿಕೊಂಡೆ. ಚೀಲದ ಜಿಪ್ಪು ಎಳೆಯುವ ಸದ್ದಿಗೆ ಅಕ್ಕ ಪಕ್ಕದ ಕೋಣೆಯಿಂದ ಬಂದು ನೋಡಿ, ಚೀಲ ಎತ್ತಿಕೊಂಡು ಹೋಗಿ ತನ್ನ ಮಂಚದ ಕೆಳಗೆ ತಳ್ಳಿದಳು. ಹೋಗಬೇಡ ಅಂತಲೋ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಅಂತಲೋ, ತಿಳಿಯಲಿಲ್ಲ.

ಒಂದು ಸಂಜೆ ಹಗ್ಗದಜ್ಜ ಬಂದರು, ಜೊತೆಗೆ ಅವರ ಹೆಂಡತಿ. ಕುರ್ಚಿ ಕೊಟ್ಟರೂ ಅಜ್ಜ ಕೂರಲಿಲ್ಲ.

"ಕ್ಷಮಿಸು ತಾಯಿ," ಅಂದರು ಅಕ್ಕನಿಗೆ. "ನಾನು ಇಳೀಬೇಕಿತ್ತು. ನನ್ನ ವಯಸ್ಸಿಗೆ ಇನ್ನೇನಾಗ್ಬೇಕಿತ್ತು ಹೇಳು. ಇವಳು ಹಿಡ್ಕೊಂಡ್ಬಿಟ್ಲು. ಒದ್ದೆ ಕೂಡ. ಬಿಡ್ಲಿಲ್ಲ."

"ಬಿಡಬೇಕಿತ್ತು," ಅಂದಳು ಅಕ್ಕ.

"ಬಿಡಬೇಕಿತ್ತು," ಅಂದರು ಅಜ್ಜನೂ.

ಅಜ್ಜಿ ಅಜ್ಜನ ಬೆನ್ನ ಹಿಂದೆ ನಿಂತಿದ್ದರು. ಒಂದು ಕೈಯಲ್ಲಿ ಅಜ್ಜನ ಅಂಗಿಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದಿದ್ದರು, ಸಂತೆಯಲ್ಲಿ ಮಗುವನ್ನು ಹಿಡಿದುಕೊಂಡ ಹಾಗೆ. ಅಜ್ಜ "ಇಳೀಬೇಕಿತ್ತು" ಅಂದಾಗಲೆಲ್ಲ ಆ ಮುಷ್ಟಿ ಬಿಗಿಯುತ್ತಿತ್ತು. ಅಜ್ಜಿಗೆ ತಾವು ಹಾಗೆ ಹಿಡಿದಿದ್ದೇವೆ ಎಂಬ ಎಚ್ಚರವೇ ಇರಲಿಲ್ಲ. ಅಕ್ಕ ಅದನ್ನು ನೋಡಿದಳು. ಬಹಳ ಹೊತ್ತು ಅದನ್ನೇ ನೋಡಿದಳು.

ಹೊರಡುವಾಗ ಅಜ್ಜಿ ನನ್ನ ಹತ್ತಿರ ಬಂದು, ಅಕ್ಕನಿಗೆ ಕಾಣಬಾರದೆಂದು ತಿರುಗಿ ನಿಂತು, ನನ್ನ ದವಡೆಯನ್ನು ಮುಟ್ಟಿದರು. ಬೂಟು ತಗುಲಿದ ಕಡೆ ಆಗಿನ್ನೂ ಹಸಿರುಗಟ್ಟಿತ್ತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು.

ಅವರು ಹೋದ ಮೇಲೆ ಅಕ್ಕ ಬಾಗಿಲು ಹಾಕಿ, ಅದಕ್ಕೇ ಹಣೆ ಆನಿಸಿ ನಿಂತಳು. ನನಗೆ ಬೆನ್ನು ಕೊಟ್ಟೇ ಮಾತಾಡಿದಳು.

"ಲೆಕ್ಕ ನಂಗೂ ಬರುತ್ತೆ ಕಣೆ. ಅಜ್ಜ ಇಳಿದಿದ್ರೆ ಇಬ್ಬರು. ಅವರ ಹಿಂದೆ ಇನ್ನೊಬ್ಬ ಇಳಿದಿದ್ರೆ ಮೂವರು. ಅಷ್ಟೂ ತಿಳಿಯದ ದಡ್ಡಿ ಅಲ್ಲ ನಾನು."

"ಅಕ್ಕ..."

"ಇರು. ನಾನು ಹೇಳ್ತೀನಿ. ನಿನ್ನದು ತಪ್ಪು ಅಂತ ನಾನು ಎಲ್ಲೂ ಹೇಳಲ್ಲ. ಯಾರಾದ್ರೂ ಅಂದ್ರೆ ಅವರ ಬಾಯಿಗೆ ಇಸ್ತ್ರಿ ಪೆಟ್ಟಿಗೆ ಇಡ್ತೀನಿ. ಆದ್ರೆ ಸದ್ಯಕ್ಕೆ ನನ್ನ ಮುಖ ನೋಡ್ಬೇಡ. ನೀನು ನೋಡಿದ್ರೆ ಸಾಕು, ನಾನು ಕೇಳದೇ ಇರೋ ಆ ಉಸಿರು ನಂಗೆ ಕೇಳಿಸುತ್ತೆ."

"ಎಲ್ಲೀತನಕ?"

"ಗೊತ್ತಿಲ್ಲ. ಗೊತ್ತಿದ್ರೆ ಹೇಳ್ತಿರಲಿಲ್ವಾ?"

ಅವಳು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಶುರುವಾಯಿತು. ನಾನು ನನ್ನ ಕುರ್ಚಿಯನ್ನು ಎತ್ತಿ, ಗೋಡೆಗೆ ಮುಖವಾಗುವಂತೆ ಇಟ್ಟು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗೋಡೆಯ ಸುಣ್ಣ ಅಲ್ಲಲ್ಲಿ ಎದ್ದಿತ್ತು. ಹೆಜ್ಜೆಗಳು ಹತ್ತಿರ ಬಂದು ಹಿಂದೆ ನಿಂತವು. ಭುಜದ ಮೇಲಿಂದ ಸೌಟು ಬಂತು, ಬಡಿಸಿತು, ಹೋಯಿತು. ನಾನು ತಿರುಗದೆ ಉಣ್ಣತೊಡಗಿದೆ. ತಟ್ಟೆ ಬರಿದಾಗುವ ಹೊತ್ತಿಗೆ, ಬೇಕೇ ಬೇಡವೇ ಎಂದು ಕೇಳದೆ, ಇನ್ನೊಂದು ಸೌಟು ಬಿತ್ತು.